ಎರಡು ಹುಟ್ಟಿನ ದೋಣಿ

ಮಾರ್ಚ್ ೩, ಸೋಮವಾರ

ಅಂತೂ ಇಂತೂ ‘ಎರಡನೇ ದಡ’ ವಿಡಿಯೊ ಗೇಮಿನ ಟ್ರೇಲರ್ ಬಂತು. ಮೇ ಹದಿನಾರಕ್ಕೆ ಬಿಡುಗಡೆಯಂತೆ. ಹಲ್ಲುಸೆಟ್ಟು ಮಾಡುವ ನಮ್ಮ ಲ್ಯಾಬ್‌ನಲ್ಲಿ ಊಟದ ಹೊತ್ತಿಗೆ ಫೋನ್ ಹಿಡಿದು ನೋಡಿದೆ, ಮತ್ತೆ ನೋಡಿದೆ, ಕೈಯಲ್ಲಿದ್ದ ಬ್ರೆಡ್ಡು ಒಣಗಿಹೋಯಿತು. ನನ್ನ ಅಭಿಪ್ರಾಯ: ನೀರು ಚೆನ್ನಾಗಿದೆ. ಮೊದಲ ಆಟ ‘ದಡ’ದ ನೀರು ಪಾತ್ರೆ ತೊಳೆದ ನೀರಿನ ಹಾಗಿತ್ತು, ಇದರಲ್ಲಿ ಆಳ ಕಾಣುತ್ತದೆ. ಸಂಗೀತ ಅತಿಯಾಯಿತು, ದೋಣಿ ದಡ ಬಿಡುವುದಕ್ಕೆ ಮೊದಲೇ ನಮ್ಮನ್ನು ಅಳಿಸಲು ಹೊರಟಿದ್ದಾರೆ. ಮುಖ್ಯವಾದದ್ದನ್ನು ಮಾತ್ರ ಕೆಡಿಸಿಲ್ಲ, ಪುಣ್ಯ. ದೋಣಿ ಒಂದು, ಹುಟ್ಟು ಎರಡು, ಆಡುವವರು ಇಬ್ಬರು. ಎಡಗಡೆಯ ಹುಟ್ಟು ಒಬ್ಬರದು, ಬಲಗಡೆಯದು ಇನ್ನೊಬ್ಬರದು. ಇಬ್ಬರೂ ಒಂದೇ ಲಯದಲ್ಲಿ ನೀರು ತಳ್ಳಿದರೆ ದೋಣಿ ನೇರ ಹೋಗುತ್ತದೆ, ಒಬ್ಬರೇ ತಳ್ಳಿದರೆ ಇದ್ದಲ್ಲೇ ಸುತ್ತುತ್ತದೆ.

ಇವನಿದ್ದಿದ್ದರೆ ಈ ಅಭಿಪ್ರಾಯವನ್ನೆಲ್ಲ ಇವನ ಕಿವಿಗೆ ತುಂಬುತ್ತಿದ್ದೆ. ಗಂಡನ ಕಿವಿ ಈಗ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿದೆ, ಅಲ್ಲಿ ಫಿಟ್ಟರ್ ಕೆಲಸ. ಹಾಗಾಗಿ ಡೈರಿಯ ಕಿವಿಯೇ ಗತಿ. ಹಡಗಿನ ನೆಟ್‌ನಲ್ಲಿ ಆಟ ಆಡುವುದಿರಲಿ, ಒಂದು ಫೋಟೊ ಹೋಗುವುದಕ್ಕೇ ಹರಕೆ ಹೊರಬೇಕು. ಆದರೆ ಮಾತು ಕೊಟ್ಟಿದ್ದಾನೆ: ಮೇ ಮೊದಲ ವಾರ ಮನೆಯಲ್ಲಿರುತ್ತೇನೆ, ‘ಎರಡನೇ ದಡ’ವನ್ನು ಇಬ್ಬರೂ ಒಟ್ಟಿಗೆ ತೆರೆಯೋಣ. ಮದುವೆಯಾದಾಗಿನಿಂದ ನಮ್ಮ ಮನೆಯ ಕಾನೂನು ಇದೊಂದೇ. ಇಬ್ಬರ ಆಟವನ್ನು ಒಬ್ಬರು ತೆರೆಯಬಾರದು.

ಸಂಜೆ ಈ ಸುದ್ದಿಯನ್ನು ಅತ್ತೆಗೆ ಹೇಳಿದೆ. ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಸೋಫಾದಲ್ಲಿ ಕೂತಿದ್ದರು. ‘ಆಟ ಬರೋ ತಾರೀಖು ಕೇಳಿದ್ನಾ ನಾನು? ಮಗ ಬರೋ ತಾರೀಖು ಹೇಳು’ ಎಂದರು. ಎರಡೂ ಒಂದೇ ಎಂದು ಹೇಳುವಷ್ಟು ಸಲಿಗೆ ನಮ್ಮ ನಡುವೆ ಇಲ್ಲ.

ಮಾರ್ಚ್ ೧೦, ಸೋಮವಾರ

‘ಉಕ್ಕಿನ ಕೋಟೆ ೭’ ಆಡಿ ಮುಗಿಸಿದೆ. ಪಾಲಿಶ್ ತನ್ನದನ್ನು ಕೊಟ್ಟಿದ್ದ. ಪಾಲಿಶ್ ಎಂದರೆ ಲ್ಯಾಬ್‌ನಲ್ಲಿ ನನ್ನ ಪಕ್ಕದ ಮೇಜಿನವನು. ನಾನು ಮೇಣದಲ್ಲಿ ಹಲ್ಲು ಕೆತ್ತಿ ಕೂರಿಸುತ್ತೇನೆ, ಕೊನೆಯಲ್ಲಿ ಅದಕ್ಕೆ ಹೊಳಪು ಕೊಡುವವನು ಅವನು.

‘ಹೆಂಗಿತ್ತಕ್ಕಾ?’ ಎಂದು ಬೆಳಿಗ್ಗೆಯೇ ಕಾದು ನಿಂತಿದ್ದ.

‘ಒಂದನೇ ಕೋಟೇಲಿ ಸತ್ತೋರೇ ಏಳನೇದ್ರಲ್ಲಿ ಹೊಸ ಬೂಟು ಹಾಕ್ಕೊಂಡ್ ಬಂದಿದಾರೆ.’

‘ನಿಮ್ಗೇನ್ ಗೊತ್ತು ಬಿಡಿ, ನೀವು ದೋಣೀಲಿ ಕೂತು ಮೀನು ಎಣಿಸೋರು.’

‘ಮೀನಾದ್ರೂ ಒಂದಿದ್ದ ಹಾಗೆ ಇನ್ನೊಂದಿರಲ್ಲ ಕಣೋ. ನಿನ್ನ ಶತ್ರುಗಳೆಲ್ಲ ಒಬ್ಳೇ ತಾಯಿ ಮಕ್ಳ ಹಾಗಿದಾರೆ, ಕೊಲ್ಲೋಕೆ ಪಾಪ ಅನ್ಸುತ್ತೆ.’

ನ್ಯಾಯವಾಗಿ ಹೇಳಬೇಕೆಂದರೆ ಕೋಟೆಯ ಮೂರನೆಯ ಮಹಡಿಯ ಕತ್ತಲು ಚೆನ್ನಾಗಿ ಮಾಡಿದ್ದಾರೆ. ಅಲ್ಲಿ ಹೆದರಿ ಪಕ್ಕಕ್ಕೆ ಕೈ ಚಾಚಿದೆ. ಪಕ್ಕದಲ್ಲಿ ಸೋಫಾದ ದಿಂಬು ಇತ್ತು.

ಮಾರ್ಚ್ ೧೨, ಬುಧವಾರ

ಅತ್ತೆಯ ಪ್ಲಾಸ್ಟರ್ ಬಿಚ್ಚಿದರು. ಮಣಿಕಟ್ಟು ಸೊರಗಿ ಸೌತೆಕಾಯಿಯ ಹಾಗಾಗಿದೆ. ಫಿಸಿಯೋ ಒಂದು ಮೆತ್ತನೆಯ ಚೆಂಡು ಕೊಟ್ಟು, ದಿನಾ ಹಿಸುಕಿ, ಹೆಬ್ಬೆರಳು ಚೆನ್ನಾಗಿ ಆಡಿಸಿ ಎಂದಳು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಇಡೀ ಊರಿನ ತಂತಿಗಳನ್ನು ಆಡಿಸಿದ ಬೆರಳು ಚೆಂಡಿಗೆ ಬಗ್ಗುತ್ತದೆಯೇ? ಸಂಜೆಯೊಳಗೆ ಅದು ಸೋಫಾದ ಕೆಳಗೆ ಸೇರಿತು.

ನಾನು ಆಡುತ್ತಿದ್ದಾಗ ನನ್ನ ಕೈಯನ್ನೇ ನೋಡುತ್ತಿದ್ದರು. ‘ಹೆಬ್ಬೆರಳು ಆಡ್ಸೋದೇ ಆದ್ರೆ ಆ ಏಡಿ ಕೊಡು ಇಲ್ಲಿ’ ಎಂದರು. ಕಂಟ್ರೋಲರಿಗೆ ಏಡಿ ಎಂದು ಹೆಸರಿಟ್ಟಿದ್ದಾರೆ. ಇವನ ಕಂಟ್ರೋಲರನ್ನು ಬೇರೆಯವರ ಕೈಗೆ ಕೊಡಲು ಮನಸ್ಸಿರಲಿಲ್ಲ. ಇವನನ್ನು ಹೆತ್ತವರಿಗೇ ಇಲ್ಲ ಎನ್ನುವುದು ಹೇಗೆ? ಕೊಟ್ಟೆ. ಯಂತ್ರ ಹಾಕುವುದು, ಆಟ ತೆರೆಯುವುದು ಹೇಗೆಂದೂ ತೋರಿಸಿದೆ.

ಮಾರ್ಚ್ ೨೧, ಶುಕ್ರವಾರ

ಹಳೆಯ ‘ಗುಹೆ’ಯನ್ನು ಹೊಸದಾಗಿ ಮಾಡಿ ಬಿಟ್ಟಿದ್ದಾರೆ. ಎಲ್ಲರೂ ಆಹಾ ಓಹೋ ಎನ್ನುತ್ತಿದ್ದಾರೆ. ನನಗೆ ಹೊಟ್ಟೆ ಉರಿಯಿತು. ಹಳೆಯ ಗುಹೆಯಲ್ಲಿ ಒಂದು ಕಲ್ಲು ಗೋಡೆಯಿಂದ ಸ್ವಲ್ಪ ಹೊರಗೆ ತೇಲಿಕೊಂಡಿತ್ತು, ಮಾಡಿದವರ ಅಜಾಗರೂಕತೆ. ಇವನೂ ನಾನೂ ಆ ಕಲ್ಲಿನ ಹತ್ತಿರ ನಿಂತೇ ಮಾತಾಡಿಕೊಳ್ಳುತ್ತಿದ್ದೆವು. ಹೊಸದರಲ್ಲಿ ಅದನ್ನು ತಿದ್ದಿಬಿಟ್ಟಿದ್ದಾರೆ. ನಮ್ಮ ಕೆಲಸದಲ್ಲಿ ಮೊದಲು ಕಲಿಸುವ ಪಾಠವೇ ಇದು: ಹಲ್ಲುಸೆಟ್ಟನ್ನು ಒಂದೇ ಸಮ ಬೆಳ್ಳಗೆ ಸಾಲಾಗಿ ಜೋಡಿಸಿದರೆ ನಕಲಿ ಎಂದು ಬೀದಿಯ ಆ ತುದಿಗೇ ಗೊತ್ತಾಗುತ್ತದೆ. ಒಂದು ಹಲ್ಲನ್ನು ಚೂರೇ ಚೂರು ಓರೆ ಮಾಡಬೇಕು. ಆಗ ನಗು ಆ ಮನುಷ್ಯನದ್ದೇ ಆಗುತ್ತದೆ.

ಅತ್ತೆ ಕೇಳಿದರು, ‘ನೀವಿಬ್ರೂ ಹಗಲೂ ರಾತ್ರಿ ಆಡ್ತಿದ್ರಲ್ಲ, ಅದ್ಯಾವ್ದು?’

‘ದಡ’ ಹಾಕಿ ತೋರಿಸಿದೆ. ಸರೋವರ, ಅದರ ನಡುವೆ ದ್ವೀಪ, ದ್ವೀಪದಲ್ಲಿ ನಾವಿಬ್ಬರೂ ಒಂದೊಂದೇ ಹಲಗೆ ತಂದು ಕಟ್ಟಿದ ಮನೆ. ಒಂದು ಕಿಟಕಿ ಓರೆಯಾಗಿದೆ. ಅದನ್ನು ಕೂರಿಸುವಾಗ ಇವನಿಗೆ ಸೀನು ಬಂದು ಕೈ ಜಾರಿತ್ತು. ಬಿದ್ದು ಬಿದ್ದು ನಕ್ಕು, ಹಾಗೇ ಇರಲಿ ಎಂದು ಬಿಟ್ಟಿದ್ದೆವು. ಹಳದಿ ಟೋಪಿಯವಳು ನಾನು, ಕೆಂಪು ಟೋಪಿಯವನು ಇವನು. ಯಾರೂ ಆಡದಿದ್ದಾಗ ಕೆಂಪು ಟೋಪಿ ಬಾಗಿಲ ಹತ್ತಿರ ಸುಮ್ಮನೆ ನಿಂತಿರುತ್ತದೆ.

‘ಟೋಪಿ ಹಾಕ್ಕೊಳ್ಳೋ ಅಭ್ಯಾಸಾನೇ ಇಲ್ಲ ಅವ್ನಿಗೆ’ ಎಂದರು ಅತ್ತೆ. ಆದರೂ ಎದ್ದು ಹೋಗಲಿಲ್ಲ.

ಏಪ್ರಿಲ್ ೨, ಬುಧವಾರ

ಮನೆ ಹೋಯಿತು.

ಲ್ಯಾಬ್‌ನಿಂದ ಬಂದು ‘ದಡ’ ತೆರೆದೆ. ದ್ವೀಪ ಬೋಳಾಗಿತ್ತು. ಮನೆಯಿಲ್ಲ, ಕಿಟಕಿಯಿಲ್ಲ, ನಾವು ನೆಟ್ಟ ಮರಗಳಿಲ್ಲ. ದೋಣಿ ಮೊದಲ ದಿನದ ಹಾಗೆ ಈಚೆ ದಡದಲ್ಲಿ ಕಟ್ಟಿಹಾಕಿತ್ತು. ಅತ್ತೆ ಹಗಲು ಒಬ್ಬರೇ ಹಾಕಿಕೊಂಡು ‘ಹೊಸ ಆಟ’ ಒತ್ತಿದ್ದಾರೆ. ಈ ಆಟದಲ್ಲಿ ಸೇವ್ ಇಡಲು ಒಂದೇ ಒಂದು ಜಾಗ, ಹೊಸದು ಶುರುವಾದರೆ ಹಳೆಯದು ಅಳಿಸಿಹೋಗುತ್ತದೆ. ಇಷ್ಟು ಒಳ್ಳೆಯ ಆಟ ಮಾಡಿದವರ ತಲೆಯಲ್ಲಿ ಇಷ್ಟೂ ಬುದ್ಧಿ ಇರಲಿಲ್ಲವೇ? ಥೂ.

‘ಏನ್ ಮಾಡಿದ್ರಿ ಅತ್ತೆ?’ ಎಂದು ಕಿರುಚಿದೆ. ಈ ಮನೆಗೆ ಬಂದ ಮೇಲೆ ಅವರೆದುರು ದನಿ ಏರಿಸಿದ್ದು ಇದೇ ಮೊದಲು.

‘ಆಟ ತಾನೇ? ಮತ್ತೆ ಆಡಿದ್ರಾಯ್ತು’ ಎಂದರು. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಇವನು ಮುಟ್ಟಿದ ಹಲಗೆಗಳು ಅವು. ಇವನಿಲ್ಲದ ದಿನಗಳಲ್ಲಿ ಕಾನೂನು ಮುರಿದು ನಾನು ಹೋಗಿ ಸುಮ್ಮನೆ ನಿಲ್ಲುತ್ತಿದ್ದ ಜಾಗ ಅದೊಂದೇ.

ಏಪ್ರಿಲ್ ೩, ಗುರುವಾರ

ಮಾತಿಲ್ಲ. ಹೊಸ ಆಟಗಳ ಬಗ್ಗೆ ಅಭಿಪ್ರಾಯವೂ ಇಲ್ಲ.

ಏಪ್ರಿಲ್ ೬, ಭಾನುವಾರ

ಮೂತಿ ಊದಿಸಿಕೊಂಡು ಒಂದೇ ಮನೆಯಲ್ಲಿ ಇಬ್ಬರು ಓಡಾಡುವುದು ಎಷ್ಟು ಕಷ್ಟ! ಉಪ್ಪು ಬೇಕಾದರೂ ಗೋಡೆಗೆ ಹೇಳಬೇಕು. ಇವತ್ತು ಬೆಳಿಗ್ಗೆ ನಾನು ಬಟ್ಟೆ ಮಡಿಸುತ್ತಿದ್ದಾಗ ಅತ್ತೆ ಎದುರಿಗೆ ಬಂದು ಕೂತರು. ಬಹಳ ಹೊತ್ತು ಒಂದೇ ಟವೆಲನ್ನು ಮಡಿಸಿ ಬಿಚ್ಚಿದರು.

‘ನೀನು ಕೆಲ್ಸಕ್ಕೆ ಹೋದ್ಮೇಲೆ ದಿನಾ ಹಾಕ್ತಿದ್ದೆ ಅದನ್ನ. ಏನೂ ಆಡ್ತಿರ್ಲಿಲ್ಲ. ಅವ್ನು ಬಾಗ್ಲ ಹತ್ರ ನಿಂತಿರ್ತಾನಲ್ಲ, ನೋಡ್ಕೊಂಡ್ ಕೂತಿರ್ತಿದ್ದೆ. ಸುಮ್ನೆ ಉಸಿರಾಡ್ತಾನೆ. ಆಗೀಗ ತಲೆ ಕೆರ್ಕೊಳ್ತಾನೆ. ನಮ್ಮವ್ನೂ ಹಾಗೇ ಅಲ್ವಾ, ಏನಾದ್ರೂ ಕೇಳಿದ್ರೆ ಮೊದ್ಲು ತಲೆ ಕೆರ್ಕೊಳ್ಳೋದು?’

ಮಡಿಸುತ್ತಿದ್ದ ಅಂಗಿಯನ್ನು ಪಕ್ಕಕ್ಕಿಟ್ಟೆ.

‘ಆವತ್ತು ಒಂದ್ಸಲ ನನ್ನ ಕಡೆ ತಿರುಗ್ಲಿ ಅಂತ ಒತ್ದೆ. ತಿರುಗ್ಲಿಲ್ಲ. ಬೇರೆ ಬೇರೆ ಒತ್ದೆ. ಅದು ಏನೇನೋ ಕೇಳ್ತು, ಹೌದು ಅಂದೆ. ಮತ್ತೆ ಕೇಳ್ತು, ಮತ್ತೆ ಹೌದು ಅಂದೆ. ಎಕ್ಸ್‌ಚೇಂಜಲ್ಲಿ ಹಾಗೇನೇ. ಆ ಕಡೆಯೋರು ಕೇಳಿದ್ದಕ್ಕೆಲ್ಲ ಹೌದು ಹೌದು ಅಂತಿದ್ರೇನೇ ಲೈನ್ ಸಿಗೋದು. ಅವ್ನು ಸಿಗ್ತಾನೆ ಅಂದ್ಕೊಂಡೆ.’

ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ನಾನೂ ಅವನನ್ನು ನೋಡುವುದಕ್ಕೇ ಹೋಗುತ್ತಿದ್ದೆ ಎಂದು ಹೇಳಬೇಕೆನಿಸಿತು, ಬೆಡ್‌ಶೀಟಿನ ಒಂದು ತುದಿಯನ್ನು ಅವರ ಕೈಗೆ ಕೊಟ್ಟೆ. ಉಳಿದ ಬಟ್ಟೆಯನ್ನು ಇಬ್ಬರೂ ಸೇರಿ ಮಡಿಸಿದೆವು.

ಏಪ್ರಿಲ್ ೧೩, ಭಾನುವಾರ

ಇವನು ಬರುವುದರೊಳಗೆ ಮನೆಯನ್ನು ಮತ್ತೆ ಕಟ್ಟಬೇಕು ಎಂದು ತೀರ್ಮಾನವಾಯಿತು. ಅವನಿಗೆ ಗೊತ್ತಾಗಬಾರದು, ಮೊದಲಿದ್ದ ಹಾಗೇ ಇರಬೇಕು. ಕಾನೂನಿನ ಪ್ರಕಾರ ಇಬ್ಬರ ಆಟಕ್ಕೆ ಇಬ್ಬರು ಬೇಕು, ಮನೆಯಲ್ಲಿರುವುದು ನಾವಿಬ್ಬರೇ.

‘ಕೆಂಪು ಟೋಪಿ ನಂಗ್ಯಾಕೆ? ಅದು ಅವ್ನದು’ ಎಂದು ಅತ್ತೆ ಮೊದಲು ಒಪ್ಪಲಿಲ್ಲ. ಆಮೇಲೆ ಅವರೇ, ‘ಸರಿ ಕೊಡು, ಅವ್ನು ಬರೋವರ್ಗೂ ಲೈನ್ ಹಿಡ್ಕೊಂಡಿರ್ತೀನಿ, ಅಷ್ಟೇ’ ಎಂದರು.

ದೋಣಿ ನಡೆಸುವುದರಲ್ಲಿ ಅತ್ತೆ ಸೊನ್ನೆ. ಕೈಯಲ್ಲಿ ಬಲವಿಲ್ಲ, ಹೆಬ್ಬೆರಳು ನಿಧಾನ. ನಾನು ಮೂರು ಸಲ ಹುಟ್ಟು ಹಾಕುವಷ್ಟರಲ್ಲಿ ಅವರದು ಒಂದು. ದೋಣಿ ಗಿರಗಿರ ತಿರುಗಿ ಬಂಡೆಗೆ ಬಡಿಯಿತು.

‘ನೀನ್ಯಾಕೆ ಹೀಗೆ ಓಡ್ತೀಯ? ಯಾರು ಅಟ್ಟಿಸ್ಕೊಂಡ್ ಬಂದಿದಾರೆ?’

‘ನೀವು ಸ್ವಲ್ಪ ಬೇಗ ಹಾಕಿ ಅತ್ತೆ!’

‘ನನ್ನ ಕೈ ಬೇಗ ಬರಲ್ಲ. ನಿನ್ನ ಕೈ ನಿಧಾನ ಆಗುತ್ತಲ್ಲ?’

ಕೊನೆಗೆ ಅವರೇ ಒಂದು ಉಪಾಯ ಹುಡುಕಿದರು. ಹಿಂದೆ ದಿನಕ್ಕೆ ನೂರಾರು ಸಲ ಹೇಳುತ್ತಿದ್ದ ‘ಹಲೋ’ವನ್ನೇ ಎಳೆದು ಹೇಳುವುದು. ‘ಹ…’ ಎಂದಾಗ ಹುಟ್ಟು ಎತ್ತಬೇಕು, ‘…ಲೋ’ ಎಂದಾಗ ನೀರು ತಳ್ಳಬೇಕು. ಹ… ಲೋ. ಹ… ಲೋ. ದೋಣಿ ತೆವಳಿಕೊಂಡು ಹೋಯಿತು, ಆದರೆ ನೇರ ಹೋಯಿತು. ಪಕ್ಕದ ಮನೆಯವರು ನಮ್ಮ ಫೋನ್ ಕೆಟ್ಟಿದೆ ಎಂದುಕೊಂಡಿರಬೇಕು.

ಏಪ್ರಿಲ್ ೨೫, ಶುಕ್ರವಾರ

ಇವನ ಫೋನ್ ಬಂತು. ಬದಲಿಗೆ ಬರಬೇಕಾದವನು ಹಡಗು ಹತ್ತಲಿಲ್ಲವಂತೆ, ಇಳಿಯುವ ಬಂದರೂ ಬದಲಾಯಿತಂತೆ. ಮೇ ಮೊದಲ ವಾರ ಆಗುವುದಿಲ್ಲ. ಯಾವಾಗ ಎಂದು ಗೊತ್ತಿಲ್ಲ.

‘ನೀನು ಆಟ ಶುರು ಮಾಡು, ನನಗೋಸ್ಕರ ಕಾಯ್ಬೇಡ’ ಎಂದ.

‘ಒಬ್ಳೇ ಆಡಿದ್ರೆ ಸುತ್ತುತ್ತೆ’ ಎಂದೆ. ಅಷ್ಟರಲ್ಲಿ ಲೈನ್ ಹೋಯಿತು. ಕೇಳಿಸಿತೋ ಇಲ್ಲವೋ.

ಆಟದ ಕಂಪನಿಗಳೂ ಹೀಗೇ. ‘ಮೌನನಗರ’ವನ್ನು ಮುಂದೂಡಿ ಮುಂದೂಡಿ, ಈಗ ಬರುವ ವರ್ಷ ಎನ್ನುತ್ತಿದ್ದಾರೆ. ಅದರ ಮೇಲೆ ನನಗೆ ಆಸೆಯೂ ಇರಲಿಲ್ಲ. ನಕ್ಷೆ ಅಷ್ಟು ದೊಡ್ಡದು, ಮಾತಾಡಿಸುವುದಕ್ಕೆ ಒಂದು ನರಪಿಳ್ಳೆಯಿಲ್ಲ. ಆದರೆ ಇವನ ಮೇಲೆ ಆಸೆ ಇತ್ತು. ಇವನ ಬಟ್ಟೆಗಳನ್ನೆಲ್ಲ ಬಿಸಿಲಿಗೆ ಹಾಕಿಟ್ಟಿದ್ದೆ. ಮತ್ತೆ ಬೀರುವಿನಲ್ಲಿಟ್ಟೆ.

ಅತ್ತೆ ನನ್ನ ಮುಖ ನೋಡಿದರು. ಟೀ ಮಾಡಿಕೊಂಡು ಬಂದರು. ಬಲಗೈಯಲ್ಲಿ ಲೋಟ ಹಿಡಿದಿದ್ದರು, ಚೂರೂ ಚೆಲ್ಲಿರಲಿಲ್ಲ.

ಮೇ ೪, ಭಾನುವಾರ

ಗೋಡೆಗಳಾದವು, ಮಾಡು ಆಯಿತು. ಇವತ್ತು ಕಿಟಕಿ. ಮೊದಲಿದ್ದಷ್ಟೇ ಓರೆ ಬರಬೇಕಲ್ಲ? ಬೇಕೆಂದೇ ತಪ್ಪು ಮಾಡುವುದು ಸುಲಭವಲ್ಲ. ನನಗಾದರೂ ಅದೇ ಹೊಟ್ಟೆಪಾಡು. ಕಣ್ಣು ಮುಚ್ಚಿ ನೆನಪು ಮಾಡಿಕೊಂಡು, ಕೂರಿಸಿ, ತೆಗೆದು, ಮತ್ತೆ ಕೂರಿಸಿದೆ. ಕೊನೆಗೆ ಸರಿಯಾಗಿ ಓರೆ ಬಂತು. ಆ ಕ್ಷಣ ಇವನು ಸೀನಿದ್ದು ಕಿವಿಯಲ್ಲಿ ಕೇಳಿದ ಹಾಗಾಯಿತು.

ಅತ್ತೆ ಈ ನಡುವೆ ನನಗೆ ಹೇಳದೆ ಮನೆಯ ಮುಂದೆ ನೀರಿನ ಕಡೆ ಮುಖ ಮಾಡಿ ಒಂದು ಬೆಂಚು ಹಾಕಿಬಿಟ್ಟಿದ್ದರು.

‘ಅತ್ತೆ, ಅಲ್ಲಿ ಬೆಂಚು ಇರ್ಲಿಲ್ಲ!’

‘ಇರ್ಲಿಲ್ಲ ಅಂದ್ರೆ ಅದು ನಿಮ್ಮ ತಪ್ಪು. ಕಾಯೋರು ಎಷ್ಟೊತ್ತು ಅಂತ ನಿಂತ್ಕೊಂಡಿರ್ತಾರೆ?’

ತೆಗೆಸಬೇಕಿತ್ತು. ಅವನಿಗೆ ತಕ್ಷಣ ಗೊತ್ತಾಗಿಬಿಡುತ್ತದೆ. ಆದರೆ ಹಳದಿ ಟೋಪಿ, ಕೆಂಪು ಟೋಪಿ ಎರಡನ್ನೂ ಅದರ ಮೇಲೆ ಕೂರಿಸಿ ನೋಡಿದರೆ ಚೆನ್ನಾಗಿ ಕಾಣುತ್ತಿತ್ತು. ನಾವೂ ಸೋಫಾದಲ್ಲಿ ಹಾಗೇ ಕೂತು ಆ ನೀರನ್ನು ನೋಡಿದೆವು. ಪಾತ್ರೆ ತೊಳೆದ ನೀರು ಎಂದು ಹಿಂದೆ ಬರೆದಿದ್ದೆ. ಬೆಳಗಿನ ಹೊತ್ತು ನೋಡಿದರೆ ಅಷ್ಟು ಕೆಟ್ಟದಾಗೇನೂ ಇಲ್ಲ.

ಮೇ ೧೬, ಶುಕ್ರವಾರ

‘ಎರಡನೇ ದಡ’ ಬಂತು. ಇವನು ಬರಲಿಲ್ಲ.

ಪಾಲಿಶ್ ತನ್ನ ತಮ್ಮನ ಜೊತೆ ಮುಂಜಾನೆಯೇ ಆಡಿ ಬಂದಿದ್ದ. ‘ಅಕ್ಕಾ, ಒಂದು ಜಾಗ ಬರುತ್ತೆ ನೋಡಿ…’ ಎಂದು ಬಾಯಿ ತೆರೆದ. ಕೈಯಲ್ಲಿದ್ದ ಮೇಣದ ಚಾಕು ತೋರಿಸಿದೆ, ಮುಚ್ಚಿದ. ಸಂಜೆ ಅಂಗಡಿಯಿಂದ ಡಿಸ್ಕ್ ತಂದೆ. ಮೇಲಿನ ಪ್ಲಾಸ್ಟಿಕ್ ಬಿಚ್ಚಲಿಲ್ಲ. ಟಿವಿಯ ಪಕ್ಕ ಇವನ ಫೋಟೊಗೆ ಒರಗಿಸಿ ಇಟ್ಟೆ. ಇದನ್ನು ಇಟ್ಟುಕೊಂಡು ಎಷ್ಟು ಕನಸು ಕಟ್ಟಿದ್ದೆ! ಒಂದು ದಿನ ರಜೆ ಹಾಕಿ, ಬಾಗಿಲು ಹಾಕಿಕೊಂಡು, ಬೆಳಿಗ್ಗೆಯಿಂದ ಸಂಜೆಯವರೆಗೆ ಇಬ್ಬರೇ.

‘ತೆಗ್ಯಲ್ವಾ?’ ಎಂದು ಅತ್ತೆ ಕೇಳಿದರು.

‘ಇಬ್ಬರ ಆಟ ಅತ್ತೆ.’

‘ಹೌದೌದು. ಅದು ನಿಮ್ಮಿಬ್ರದು’ ಎಂದು ಬೇಗ ಹೇಳಿದರು. ಸ್ವಲ್ಪ ಹೊತ್ತಾದ ಮೇಲೆ, ‘ಹಳೇದು ಹಾಕ್ತೀಯಾ? ಮರಕ್ಕೆ ನೀರು ಹಾಕ್ದೆ ಎರಡು ದಿನ ಆಯ್ತು’ ಎಂದರು. ಹಾಕಿದೆ. ದೋಣಿ ನಡುನೀರಿನಲ್ಲಿದ್ದಾಗ ನನಗೆ ಅಳು ಬಂದು ಪರದೆ ಕಾಣಲಿಲ್ಲ. ಅತ್ತೆ ತಾವೂ ಹುಟ್ಟು ನಿಲ್ಲಿಸಿದರು. ‘ಲೈನ್‌ನಲ್ಲಿರು, ಅವಸರ ಇಲ್ಲ’ ಎಂದರು. ನನ್ನ ಕಣ್ಣು ಒಣಗುವವರೆಗೂ ದೋಣಿ ಅಲ್ಲೇ ನಿಂತಿತ್ತು.

ಮೇ ೨೮, ಬುಧವಾರ

‘ಬೀಜ’ ಎಂಬ ಬೇಸಾಯದ ಆಟದ ಬಗ್ಗೆ: ಒಬ್ಬರೇ ಆಡುವವರಿಗೆ ಇದಕ್ಕಿಂತ ಒಳ್ಳೆಯದು ಈ ವರ್ಷ ಬಂದಿಲ್ಲ. ಮಣ್ಣಿನ ಬಣ್ಣಕ್ಕೇ ಬಹುಮಾನ ಕೊಡಬೇಕು. ಸ್ವಲ್ಪ ಆಡಿ ಬಿಟ್ಟೆ. ಪಕ್ಕದಿಂದ ಯಾರೂ ‘ಅಲ್ಲಿ ಯಾಕೆ ನೆಟ್ಟೆ, ನೆರಳಿದೆ ಕಾಣ್ಸಲ್ವಾ?’ ಎಂದು ಬೈಯದಿದ್ದರೆ ಬೆಳೆ ಬಂದರೂ ರುಚಿಯಿಲ್ಲ. ಅತ್ತೆ ಇವತ್ತು ಆಸ್ಪತ್ರೆಗೆ ಹೋಗಿದ್ದರು.

ಫಿಸಿಯೋ ಕೈ ತಿರುಗಿಸಿ ಮುರುಗಿಸಿ ನೋಡಿ, ಪೂರ್ತಿ ಸರಿಹೋಗಿದೆ, ಇನ್ನು ವ್ಯಾಯಾಮ ಬೇಡ ಎಂದಳಂತೆ. ಅತ್ತೆ ಈ ಸುದ್ದಿಯನ್ನು ಏನೋ ಕಳೆದುಕೊಂಡವರ ಹಾಗೆ ಹೇಳಿದರು. ಕೈಯಲ್ಲಿ ಬಲ ಬಂದಿದ್ದರೂ ಸಂಜೆ ಅದೇ ನಿಧಾನದಲ್ಲೇ ಹುಟ್ಟು ಹಾಕಿದರು. ನಾನೂ ಬೇಗ ಹಾಕಿ ಎನ್ನಲಿಲ್ಲ.

ಜೂನ್ ೧೧, ಬುಧವಾರ

ಬಂದ! ಬಂದ! ಬಂದ!

ಜೂನ್ ೧೪, ಶನಿವಾರ

ಮೂರು ದಿನ ಬರೆಯಲು ಪುರಸೊತ್ತಾಗಲಿಲ್ಲ, ಬರೆಯಬೇಕೆಂದೂ ಅನಿಸಲಿಲ್ಲ. ಸೊರಗಿದ್ದಾನೆ. ಮುಂಗೈಯಲ್ಲಿ ಸುಟ್ಟ ಗುರುತು. ಎಂಜಿನ್ ಸದ್ದಿಲ್ಲದೆ ನಿದ್ದೆ ಬರುವುದಿಲ್ಲವಂತೆ, ಅದಕ್ಕೇ ಫ್ಯಾನು ಜೋರಾಗಿ ಹಾಕಿಕೊಂಡು ಮಲಗುತ್ತಾನೆ. ಅವನು ಮಲಗಿರುವುದನ್ನು ನೋಡುತ್ತ ಕೂತಿರುತ್ತೇನೆ. ಉಸಿರಾಡುತ್ತಾನೆ. ಆಗೀಗ ತಲೆ ಕೆರೆದುಕೊಳ್ಳುತ್ತಾನೆ. ಬಾಗಿಲಲ್ಲಿ ಅತ್ತೆಯೂ ನಿಂತು ನೋಡಿ ಹೋಗುತ್ತಾರೆ.

ಇವತ್ತು ಬೆಳಿಗ್ಗೆ ‘ಬಾರೇ, ಆಟ ತೆಗ್ಯೋಣ’ ಎಂದ. ‘ಮೊದ್ಲು ಹಳೇ ಮನೆ ಒಂದ್ಸಲ ನೋಡೋಣ’ ಎಂದೆ. ಅತ್ತೆ ಒಳಗಿಂದ ಬಂದು, ಇವನ ಕಂಟ್ರೋಲರನ್ನು ಸೆರಗಿನಲ್ಲಿ ಒರೆಸಿ ಅವನ ಕೈಗಿಟ್ಟರು. ‘ತಗೋಪ್ಪ. ಇಷ್ಟು ದಿನ ಲೈನ್ ಹಿಡ್ಕೊಂಡಿದ್ದೆ. ಇನ್ನು ನೀನು ಮಾತಾಡು’ ಎಂದು ಪಕ್ಕದ ಕುರ್ಚಿಯಲ್ಲಿ ಕೂತರು.

ದ್ವೀಪ ಬಂತು. ಅತ್ತೆಯೂ ನಾನೂ ಪರದೆಗೆ ಕಣ್ಣು ನೆಟ್ಟೆವು.

‘ಅರೆ, ಎಲ್ಲಾ ಹಾಗೇ ಇದ್ಯಲ್ಲೇ! ಚೆನ್ನಾಗಿ ನೋಡ್ಕೊಂಡಿದೀಯ’ ಎಂದ. ಮನೆಯನ್ನು ಒಂದು ಸುತ್ತು ಹಾಕಿದ. ಬೆಂಚಿನ ಹತ್ತಿರ ನಿಂತ. ‘ಈ ಬೆಂಚು ನಾನು ಹಾಕಿದ್ದಲ್ವಾ?’

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ನನ್ನ ಮುಖ ನೋಡಲಿಲ್ಲ. ‘ಹೌದಪ್ಪ, ನೀನೇ’ ಎಂದರು.

‘ಇದೇನು, ಈ ಕಿಟಕಿ ಓರೆಯಾಗಿದೆ?’ ಎಂದು ಅವನು ಎರಡು ಗುಂಡಿ ಒತ್ತಿ ನೆಟ್ಟಗೆ ಮಾಡಿಬಿಟ್ಟ.

ಬೇಡ ಎನ್ನಬೇಕಿತ್ತು. ಆಮೇಲೆ ಮೆಲ್ಲಗೆ ಕೇಳಿದೆ, ‘ಆ ಕಿಟಕಿ ನಿಂಗೆ ನೆನಪಿಲ್ವಾ?’

ಅವನು ತಲೆ ಕೆರೆದುಕೊಂಡ. ‘ಅಲ್ಲಿ ಹಗಲೂ ರಾತ್ರಿ ಒಂದೇ ಸದ್ದು ಕಣೇ. ಮನೆ ಅಂದ್ರೆ ನಿನ್ನ ಮುಖ ನೆನಪಾಗೋದು, ಅಮ್ಮನ ಮುಖ ನೆನಪಾಗೋದು. ಕಿಟಕಿವರೆಗೂ ನೆನಪು ಹೋಗ್ಲೇ ಇಲ್ಲ.’ ಎಷ್ಟು ಒಳ್ಳೆಯ ಮಾತು. ಸುಟ್ಟ ಆ ಕೈಯನ್ನು ಹಿಡಿದುಕೊಂಡೆ. ಸಂತೋಷವಾಯಿತು. ಆದರೂ ಆ ನೆಟ್ಟಗಿನ ಕಿಟಕಿಯನ್ನು ನೋಡಲಾಗದೆ ಆಟ ಬದಲಿಸಿದೆ.

ಆಮೇಲೆ ‘ಎರಡನೇ ದಡ’ದ ಪ್ಲಾಸ್ಟಿಕ್ ಬಿಚ್ಚಿದೆವು. ಇಷ್ಟು ದಿನ ಕಾದದ್ದು ಇದಕ್ಕೇ. ನೀರು ಟ್ರೇಲರ್‌ನಲ್ಲಿದ್ದಷ್ಟೇ ಚೆನ್ನಾಗಿದೆ. ಅವನು ಎಡ, ನಾನು ಬಲ. ‘ಹೊರಡು!’ ಎಂದ. ಹೊರಟೆವು. ದೋಣಿ ಸುತ್ತಿತು. ನಿಲ್ಲಿಸಿ ಮತ್ತೆ ಹೊರಟೆವು. ಮತ್ತೆ ಸುತ್ತಿತು. ಅವನು ಮೂರು ಸಲ ಹುಟ್ಟು ಹಾಕುವಷ್ಟರಲ್ಲಿ ನನ್ನದು ಒಂದು.

‘ಏನೇ ಇದು, ಹುಟ್ಟು ಹಾಕೋದೇ ಮರ್ತುಹೋಯ್ತಾ?’ ಎಂದು ನಕ್ಕ. ಮತ್ತೆ ಕಿವಿಗೊಟ್ಟು ಕೇಳಿದ, ‘ಯಾರಿಗೆ ಹಲೋ ಹೇಳ್ತಿದೀಯ?’

ನಾನು ಹೇಳುತ್ತಿದ್ದೆನೆಂದು ನನಗೇ ಗೊತ್ತಿರಲಿಲ್ಲ. ಕುರ್ಚಿಯ ಕಡೆ ನೋಡಿದೆ. ಖಾಲಿಯಿತ್ತು. ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು.

ಜೂನ್ ೧೫, ಭಾನುವಾರ

‘ಎರಡನೇ ದಡ’ದ ಬಗ್ಗೆ ನನ್ನ ಅಭಿಪ್ರಾಯ: ಚಿತ್ರ ಅದ್ಭುತ. ಸಂಗೀತ ಅತಿ. ಹುಟ್ಟು ಹಾಕುವ ವ್ಯವಸ್ಥೆ ಕೆಟ್ಟದಾಗಿದೆ, ವೇಗ ಜಾಸ್ತಿ, ಇಬ್ಬರಿಗೂ ಹೊಂದುವುದೇ ಇಲ್ಲ. ಮುಂದಿನ ಅಪ್‌ಡೇಟ್‌ನಲ್ಲಿ ಸರಿಮಾಡಬೇಕು. ಪಾಲಿಶ್‌ಗೆ ಫೋನ್ ಮಾಡಿ ಕೇಳಿದರೆ ‘ಇಲ್ವಲ್ಲಕ್ಕಾ, ಬೆಣ್ಣೆ ತರ ಹೋಗುತ್ತೆ’ ಎಂದ. ಅವನ ಅಭಿಪ್ರಾಯ ಯಾರಿಗೆ ಬೇಕು?

ಗಂಡ ಮನೆಯಲ್ಲಿದ್ದಾನೆ. ನಗುತ್ತಾನೆ, ಕೀಟಲೆ ಮಾಡುತ್ತಾನೆ. ಇನ್ನೇನು ಬೇಕು? ಆದರೂ ಸಂಜೆಯಾಗುತ್ತಿದ್ದಂತೆ ಮನಸ್ಸು ಬಾಗಿಲ ಕಡೆ ಹೋಗುತ್ತದೆ, ಯಾರೋ ಇನ್ನೂ ಬರಬೇಕು ಎನ್ನುವ ಹಾಗೆ. ಕಾದು ಕಾದು ಅಭ್ಯಾಸವಾಗಿಬಿಟ್ಟಿದೆ ಎಂದು ಕಾಣುತ್ತದೆ.

ಮಧ್ಯಾಹ್ನ ಅವನು ಯಂತ್ರದಲ್ಲಿ ಜಾಗ ಸಾಲುತ್ತಿಲ್ಲ ಎಂದು, ‘ಹಳೇ “ದಡ” ತೆಗೆದುಬಿಡ್ಲಾ? ಇನ್ನು ಯಾರು ಆಡ್ತಾರೆ ಅದನ್ನ?’ ಎಂದ.

‘ಬೇಡ!’ ಎಂದೆ. ಬೇಕಾದ್ದಕ್ಕಿಂತ ಜೋರಾಗಿಯೇ ಎಂದೆ. ‘ಅತ್ತೆ ಕೈಗೆ ವ್ಯಾಯಾಮ ಬೇಕು.’

‘ಅಮ್ಮಾ, ಕೈ ಸರಿಹೋಯ್ತು ಅಂದಿದ್ಯಲ್ಲ?’

‘ಎಲ್ಲಿ ಸರಿಹೋಗಿದೆ? ಇನ್ನೂ ಹಿಡ್ಕೊಳ್ಳುತ್ತೆ’ ಎಂದರು ಅತ್ತೆ ಒಳಗಿಂದ. ಇಣುಕಿ ನೋಡಿದೆ. ತುಂಬಿದ ನೀರಿನ ಬಕೆಟ್ಟನ್ನು ಅದೇ ಬಲಗೈಯಲ್ಲಿ ಎತ್ತುತ್ತಿದ್ದರು. ನನ್ನನ್ನು ಕಂಡು ಮೆಲ್ಲಗೆ ಕೆಳಗಿಟ್ಟು, ಮಣಿಕಟ್ಟು ನೀವಿಕೊಂಡರು.

ನಾಳೆ ಇವನು ಹಡಗು ಕಂಪನಿಯ ಕಚೇರಿಗೆ ಹೋಗಬೇಕಂತೆ, ಬರುವುದು ಸಂಜೆ. ಲ್ಯಾಬ್‌ಗೆ ಹಲ್ಲುನೋವು ಎಂದು ರಜೆ ಹೇಳಿದೆ. ಆ ಕಿಟಕಿಯನ್ನು ಮತ್ತೆ ಓರೆ ಮಾಡಬೇಕು, ಮರಗಳಿಗೆ ನೀರು ಹಾಕಬೇಕು. ಇಬ್ಬರ ಆಟವನ್ನು ಒಬ್ಬರು ತೆರೆಯಬಾರದು, ಅದಕ್ಕೇ ಅತ್ತೆಗೂ ಸಿದ್ಧವಾಗಿರಿ ಎಂದು ಹೇಳಿಟ್ಟಿದ್ದೇನೆ.